ಗಾಳಿ ಬೇಡದ ಪೆಟ್ಟಿಗೆ

ನಮ್ಮ ಕಡೆ ಯಾವ ಹೊಸ ಸಾಮಾನು ಮನೆಗೆ ತಂದರೂ ಅದು ತಂದವನ ಸ್ವಂತದ್ದು ಅಂತ ಯಾರೂ ಒಪ್ಪಿಕೊಳ್ಳೋದಿಲ್ಲ. ಕುಕ್ಕರ್ ತಂದರೆ ಅದು ಎಷ್ಟು ಸಲ ಕೂಗಿತು ಅಂತ ಎದುರು ಮನೆಯವರು ಎಣಿಸುತ್ತಾರೆ, ಮೂರರ ಬದಲು ನಾಲ್ಕು ಕೂಗಿದರೆ ಬಂದು ಇಳಿಸಿ ಹೋಗುತ್ತಾರೆ. ನಾನು ಲೈನ್‌ಮನ್ ಆಗಿದ್ದವನು. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ ಇಳಿದವನು. ಕಂಬದ ಮೇಲಿಂದ ಊರವರ ಹಿತ್ತಲೆಲ್ಲಾ ಕಾಣುತ್ತದೆ ನೋಡಿ, ಹಾಗಾಗಿ ಇಂಥವು ನೂರು ಕಂಡಿದ್ದೆ. ಬೇರೆಯವರ ಮನೆಯದಾದ್ದರಿಂದ ನಕ್ಕು ಸುಮ್ಮನಾಗುತ್ತಿದ್ದೆ. ಎಂಬತ್ತರ ದಶಕದ ನಡುವೆ ನಾನೇ ಒಂದು ಹಾಡು ನುಡಿಸೋ ಕೀಬೋರ್ಡ್ ತಂದೆ. ನಗೋ ಸರದಿ ಊರಿಗೆ ಬಂತು.

ಎಡಗೈ ಬೇಕಾ?

ನಮ್ಮೂರು ದಂಡಿನಶಿವರದಿಂದ ಎರಡು ಮೈಲಿ ಒಳಗೆ. ಸೋಮವಾರ ಸಂಜೆ ಈಶ್ವರನ ಗುಡಿಯಲ್ಲಿ ಭಜನೆ. ಹಾರ್ಮೋನಿಯಂ ನುಡಿಸೋರು ನಮ್ಮ ಪಕ್ಕದ ಮನೆ ಮೇಷ್ಟ್ರು. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಆಗಲೂ ಬೈಯೋರು, ರಿಟೈರ್ ಆದ ಮೇಲೂ ಬೈಯೋರು. ಭಜನೆಯಲ್ಲಿ ತಾಳ ಹಾಕೋದು ನನ್ನ ಕೆಲಸ. "ತಾಳ ಹಾಕ್ತಿದೀಯೋ, ಕಂಬಕ್ಕೆ ಮೊಳೆ ಹೊಡೀತಿದೀಯೋ?" ಅನ್ನೋದು ಪ್ರತಿ ಸೋಮವಾರ ನನಗೆ ಸಿಗುತ್ತಿದ್ದ ಆಶೀರ್ವಾದ.

ಒಂದು ವರ್ಷ ಯುಗಾದಿ ಆದ ವಾರಕ್ಕೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಪುಣ್ಯಕ್ಕೆ ಜೀವ ಉಳಿಯಿತು, ಬಲಗೈ ಉಳಿಯಿತು, ಬೈಯೋಕೆ ಬಾಯಿ ಉಳಿಯಿತು. ಎಡಗಾಲಿಗೆ ಒಂದಿಷ್ಟು ಎಳೆತ, ಪೂರ್ತಿ ಹೋದದ್ದು ಎಡಗೈ ಒಂದೇ. ಆದರೆ ಹಾರ್ಮೋನಿಯಂ ನುಡಿಸೋರಿಗೆ ಬಲಗೈ ಸ್ವರಕ್ಕೆ, ಎಡಗೈ ಗಾಳಿಗೆ. ಹಿಂದಿನ ತಿದಿ ಒತ್ತಿ ಗಾಳಿ ಹಾಕದಿದ್ದರೆ ಪೆಟ್ಟಿಗೆ ಬಾಯೇ ಬಿಡೋದಿಲ್ಲ.

ನಾನು ಹೋಗಿ, "ಮೇಷ್ಟ್ರೇ, ನಾನು ಎದುರಿಗೆ ಕೂತು ಗಾಳಿ ಹಾಕ್ತೀನಿ, ನೀವು ನುಡಿಸಿ" ಅಂದೆ.

"ಇನ್ನೊಬ್ಬನ ಮೂಗಲ್ಲಿ ನಾನು ಉಸಿರಾಡ್ಲೇನ್ಲಾ? ಹೋಗು, ಕಂಬ ಹತ್ತೋಗು" ಅಂದರು.

ಹಾರ್ಮೋನಿಯಂ ಅವರ ಮನೆ ಅಟ್ಟಕ್ಕೆ ಹೋಯ್ತು, ಕೊಬ್ಬರಿಗೆ ಅಂತ ಕೂಡಿಟ್ಟ ತೆಂಗಿನಕಾಯಿ ರಾಶಿಯ ಮಧ್ಯೆ. ಭಜನೆ ನಿಂತಿತು. ಮೇಷ್ಟ್ರು ದಿನವೆಲ್ಲಾ ಜಗಲಿ ಮೇಲೆ ಕೂತಿರೋರು. ಬಲಗೈ ಬೆರಳು ಮಾತ್ರ ಮೊಣಕಾಲಿನ ಮೇಲೆ ಓಡಾಡುತ್ತಾ ಇರೋವು. ಡ್ಯೂಟಿಗೆ ಹೋಗುವಾಗ ಬರುವಾಗ ಅದು ನನ್ನ ಕಣ್ಣಿಗೆ ಬೀಳೋದು. ಸುಳ್ಳು ಯಾಕೆ ಹೇಳಲಿ, ನೋಡಲಾರದೆ ಎರಡು ಸಲ ಹಿತ್ತಲ ದಾರಿ ಹಿಡಿದು ಹೋಗಿದ್ದೀನಿ.

ಅದೇ ಹೊತ್ತಿಗೆ ಟ್ರೈನಿಂಗ್ ಅಂತ ನನ್ನನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಒಂದು ಅಂಗಡಿ ಗಾಜಿನೊಳಗೆ ಕಪ್ಪಗೆ, ಮೊಳಕ್ಕಿಂತ ಸ್ವಲ್ಪ ಉದ್ದ ಇದ್ದ ಒಂದು ಕೀಬೋರ್ಡ್ ಕಂಡಿತು. ಇದ್ದಿದ್ದರಲ್ಲಿ ಚಿಕ್ಕದು, ಅಗ್ಗದ್ದು. ತಿದಿ ಇಲ್ಲ, ಏನಿಲ್ಲ. ಬೆರಳು ಇಟ್ಟರೆ ಸ್ವರ.

ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿದೆ: "ಇದಕ್ಕೆ ಎಡಗೈ ಬೇಕಾ?"

ಅವನು ನನ್ನ ಎಡಗೈ ನೋಡಿದ, ಬಲಗೈ ನೋಡಿದ. "ಸಾರ್, ಎರಡೂ ಇದಾವಲ್ಲ!" ಅಂದ.

ಸೈಕಲ್ಲಿಗೆ ಅಂತ ಕೂಡಿಟ್ಟಿದ್ದ ದುಡ್ಡು ಅಲ್ಲೇ ಕರಗಿತು. ಸೈಕಲ್ ತರ್ತಾರೆ ಅಂತ ಅರಿಶಿನ ಕುಂಕುಮ ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮವಳು, ನನ್ನ ಕಂಕುಳಲ್ಲಿದ್ದ ರಟ್ಟಿನ ಪೆಟ್ಟಿಗೆ ನೋಡಿ ಕೇಳಿದಳು, "ಏನ್ರೀ, ಈಗಿನ ಸೈಕಲ್ಲು ಮಡಚಿ ಕೊಡ್ತಾರಾ?"

ಹಸಿ ಮಾಲು

ಪೆಟ್ಟಿಗೆಯನ್ನ ನೇರವಾಗಿ ಮೇಷ್ಟ್ರ ಕೈಗೆ ಕೊಡೋ ಹಾಗಿರಲಿಲ್ಲ. "ನನಗೆ ಭಿಕ್ಷೆ ಹಾಕೋಕೆ ಬಂದ್ಯಾ?" ಅಂತ ಅಂಗಳಕ್ಕೆ ಎಸೆಯೋ ಪೈಕಿ ಅವರು. ಹಾಗಾಗಿ ನಮ್ಮ ಮನೆಯಲ್ಲೇ ಇಟ್ಟುಕೊಂಡು ನಾನೇ ನುಡಿಸೋದು, ಮಧ್ಯದ ಗೋಡೆ ದಾಟಿ ಸದ್ದು ಹೋಗಲಿ, ಕಿವಿಗೆ ಬಿದ್ದರೆ ತಾವೇ ಬರ್ತಾರೆ ಅಂತ ನಮ್ಮ ಲೆಕ್ಕಾಚಾರ.

ಮೇಷ್ಟ್ರಿಗಿಂತ ಮುಂಚೆ ಬಂದವರು ಕಂದಿಕೆರೆಯ ನಮ್ಮ ಮಾವ. ಮಗಳನ್ನ ನೋಡಿ ಹೋಗೋಕೆ ಅಂತ ಬಂದರು. ಮಾವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು. ಅಂದರೆ ಮಾಲು ತಯಾರು. ಈ ಅಲ್ಲಾಡಿಸೋ ವಿದ್ಯೆಯಲ್ಲಿ ನಮ್ಮ ಮಾವನನ್ನ ಮೀರಿಸೋರು ಮೂರು ತಾಲ್ಲೂಕಲ್ಲಿ ಇರಲಿಲ್ಲ.

ಮಾವ ಕೀಬೋರ್ಡನ್ನ ಕೈಗೆ ತಗೊಂಡರು. ತೂಕ ನೋಡಿದರು. ಬೆರಳಲ್ಲಿ ತಟ್ಟಿದರು. ನಾನು ಬೇಡ ಅನ್ನೋಷ್ಟರಲ್ಲಿ ಕಿವಿ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು.

"ಅಳಿಯಂದ್ರೇ, ಯಾರೋ ನಿಮಗೆ ಟೋಪಿ ಹಾಕವ್ರೆ. ಇದು ಹಸಿ ಮಾಲು."

"ಮಾವ, ಇದು ಗಟಗಟ ಅಂದ್ರೇನೇ ಕೆಟ್ಟಿದೆ ಅಂತ ಅರ್ಥ."

ಮಾವ ನನ್ನನ್ನ ಮರುಕದಿಂದ ನೋಡಿದರು. "ನೀವು ಲೈನ್ ಕೆಲಸದೋರು, ಪಾಪ. ಒಂದು ಕೆಲಸ ಮಾಡಿ. ಅಟ್ಟದ ಮೇಲೆ ಹಾಕ್ಬುಡಿ. ಬರೋ ವರ್ಷ ಇಳಿಸಿ ನೋಡಾನ."

ನಮ್ಮವಳು ಒಳಗಿಂದ, "ಮಾಲಿನ ವಿಷಯದಲ್ಲಿ ಅಪ್ಪನ ಮಾತು ಯಾವತ್ತೂ ತಪ್ಪಿಲ್ಲ" ಅಂತ ಒಂದು ಒಗ್ಗರಣೆ ಹಾಕಿದಳು.

ಇಷ್ಟಕ್ಕೇ ಮುಗಿಯಲಿಲ್ಲ. ಬಸ್ಸಿಗೆ ಹೊರಟ ಮಾವ ಪಕ್ಕದ ಜಗಲಿ ಮುಂದೆ ನಿಂತರು. "ಮೇಷ್ಟ್ರೇ, ನಿಮ್ಮ ಹಾರ್ಮೋನಿಯಂ ಅಟ್ಟದಾಗೆ ಐತಂತಲ್ಲ. ನಮ್ಮ ಅಳಿಯಂದ್ರು ತಂದಿರೋದು ಹಸಿ, ನಿಮ್ದು ಚೆನ್ನಾಗಿ ಒಣಗಿರ್ತದೆ. ಇಳಿಸಿ ಒಂದ್ಸಲ ಅಲ್ಲಾಡಿಸಿ ನೋಡಿ."

ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತೆ. ಮೇಷ್ಟ್ರು ಬೈಯಲಿಲ್ಲ. ಊರಿಗೆ ಬಂದು ಮೇಷ್ಟ್ರ ಬೈಗುಳ ತಿನ್ನದೆ ವಾಪಸ್ ಹೋದ ಮೊದಲನೇ ಮನುಷ್ಯ ನಮ್ಮ ಮಾವ.

ಐದು ಎಚ್‌ಪಿ ಮೋಟಾರು

ಕೀಬೋರ್ಡನ್ನ ಮನೆ ಕರೆಂಟಿಗೂ ಹಾಕಬಹುದಿತ್ತು, ಟಾರ್ಚಿಗೆ ಹಾಕೋ ಥರದ ಆರು ದಪ್ಪ ಸೆಲ್ಲು ತುಂಬಿಯೂ ನುಡಿಸಬಹುದಿತ್ತು. ಕರೆಂಟಿನವನಿಗೆ ಸೆಲ್ಲಿನ ದರಿದ್ರ ಯಾಕೆ ಅಂತ ನಾನು ಪ್ಲಗ್ಗಿಗೇ ಹಾಕಿದೆ. ಮೂರನೇ ಸಂಜೆ ನಮ್ಮ ಲೈನಿನ ಕೊನೆಯಲ್ಲಿ ತೋಟ ಇರೋ ಗೌಡ್ರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಲೈನ್‌ಮನ್ನಪ್ಪ, ನೀನು ಇಲ್ಲಿ ಕುಂಯ್ ಅನ್ಸಿದ್ರೆ ಅಲ್ಲಿ ನನ್ನ ಮೋಟಾರು ಮುಕ್ಕುರೀತೈತೆ ಕಣಪ್ಪ. ಗಿಡಕ್ಕೆ ನೀರು ಹತ್ತಾ ಇಲ್ಲ."

"ಗೌಡ್ರೇ, ಇದು ತಗೊಳ್ಳೋದು ಒಂದು ಸಣ್ಣ ಬಲ್ಬಿನಷ್ಟೂ ಇಲ್ಲ."

"ಅಷ್ಟು ಕಮ್ಮಿ ಕರೆಂಟಲ್ಲಿ ಅಷ್ಟು ಸದ್ದು ಹೆಂಗಪ್ಪ ಬತ್ತೈತೆ? ಐದು ಎಚ್‌ಪಿ ಮೋಟಾರು, ಅದೇ ಅಷ್ಟು ಕೂಗಲ್ಲ!"

ಟ್ರೈನಿಂಗಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅರಳಿಕಟ್ಟೆಯಲ್ಲಿ ಮಾತು ಹಬ್ಬಿತು. ವೋಲ್ಟೇಜ್ ಇಲ್ಲ ಅಂದರೆ ಲೈನ್‌ಮನ್ ಹಾಡು ಶುರು ಮಾಡಿದಾನೆ. ಕರೆಂಟೇ ಹೋಯ್ತು ಅಂದರೆ ದೊಡ್ಡ ಹಾಡು ಹಿಡಿದಿದಾನೆ. ನಾನು ಕೂತು ಎರಡು ಸ್ವರ ಒತ್ತಿದೆನೋ ಇಲ್ಲವೋ, ದೂರದ ತೋಟದಿಂದ ಕೂಗು: "ಲೈನ್‌ಮನ್ನೂ! ನೀರು ಬುಡ್ತಾ ಇದೀನಿ, ಪೆಟ್ಟಿಗೆ ಮುಚ್ಚು!"

ತಲೆ ಕೆಟ್ಟು ಒಂದು ದಿನ ಆರು ಹೊಸ ಸೆಲ್ಲು ತಂದು ತುಂಬಿ, ಪೆಟ್ಟಿಗೆ ಹೊತ್ತುಕೊಂಡು ಗೌಡ್ರ ಪಂಪ್‌ಮನೆಗೇ ಹೋದೆ. ಮೋಟಾರು ಹಾಕಿಸಿ, ಪಕ್ಕದಲ್ಲಿ ಕೂತು ನನಗೆ ಬರುತ್ತಿದ್ದ ಎರಡೂವರೆ ಹಾಡು ನುಡಿಸಿದೆ. ಮೋಟಾರು ತನ್ನ ಪಾಡಿಗೆ ಓಡಿತು. ಕಾಲುವೆ ತುಂಬಾ ನೀರು. ಗೌಡ್ರು ನೀರು ನೋಡಿದರು, ಪೆಟ್ಟಿಗೆ ಬೆನ್ನು ತಿರುಗಿಸಿ ನೋಡಿದರು.

"ಆರೂ ಹೊಸ ಸೆಲ್ಲೇ?"

"ಆರೂ ಹೊಸವೇ. ಇನ್ನು ಮೇಲೆ ಲೈನ್ ಕರೆಂಟಿಗೆ ಹಾಕೋದೇ ಇಲ್ಲ, ಬಸವಣ್ಣನಾಣೆ. ಈಗಾದ್ರೂ ನಂಬಿದ್ರಾ?"

"ನಂಬಿದೆ ಕಣಪ್ಪ. ಕರೆಂಟಿಂದು ನಿನ್ನ ತಪ್ಪಿಲ್ಲ. ಆದ್ರೂ ಇಲ್ಲಿ ನುಡಿಸೋದು ನಿಲ್ಸಿಬುಡು. ಎಮ್ಮೆ ಹಾಲಿಗೆ ಸೊರ ಬುಡ್ತಾ ಇಲ್ಲ."

ಬೇಕಂತ ತಪ್ಪು

ಇಷ್ಟೆಲ್ಲಾ ಆದರೂ ಮೇಷ್ಟ್ರು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಆದರೆ ಗೋಡೆ ಆಚೆ ಕೆಮ್ಮು ಶುರುವಾಗಿತ್ತು. ನಾನು ತಪ್ಪಿದಾಗೆಲ್ಲಾ ಒಂದು ಕೆಮ್ಮು. ನನ್ನದು ಕಟಿಂಗ್ ಪ್ಲೇಯರ್ ಹಿಡಿದು ಬಾತ ಬೆರಳು, ಪೆಟ್ಟಿಗೆಯ ಸ್ವರದ ಮನೆಗಳೋ ಎಳೆ ಹುರುಳಿಕಾಯಿಯಷ್ಟು ಸಣ್ಣ. ಒಂದನ್ನ ಒತ್ತಿದರೆ ಪಕ್ಕದ್ದು ಪುಕ್ಕಟೆ ಬರೋದು. ಹಾಗಾಗಿ ಮೇಷ್ಟ್ರಿಗೆ ಕೆಮ್ಮು ವಿಪರೀತ ಆಯಿತು.

ನಮ್ಮವಳಿಗೆ ಒಂದು ಉಪಾಯ ಹೊಳೆಯಿತು. "ರೀ, ಇನ್ನೂ ಜಾಸ್ತಿ ತಪ್ಪು ನುಡಿಸಿ. ತಡೀಲಾರದೆ ಎದ್ದು ಬರ್ತಾರೆ. ಬೇಕಂತಾನೇ ತಪ್ಪು ಮಾಡಿ."

"ಬೇಕಂತ ಹೆಂಗೆ ಮಾಡೋದು ಕಣೇ? ಸರಿ ಯಾವುದು ಅಂತ ಗೊತ್ತಿದ್ರೆ ತಾನೇ?"

"ಹಂಗಾದ್ರೆ ನೀವು ಸರಿಯಾಗಿ ನುಡಿಸೋಕೆ ಪ್ರಯತ್ನ ಪಡಿ. ಅಷ್ಟೇ ಸಾಕು."

ಅವಳ ಮಾತು ಕೆಲಸ ಮಾಡಿತು. ಮೂರನೇ ಸಂಜೆ ಗೋಡೆಗೆ ಊರುಗೋಲಿನ ಏಟು ಬಿತ್ತು. "ಮಧ್ಯಮ ಕಣ್ಲಾ! ಮಧ್ಯಮ!" ಗೋಡೆ ಮೇಲಿನ ಕ್ಯಾಲೆಂಡರು ಉದುರಿತು. ಮಾರನೇ ಸಂಜೆ ಮೇಷ್ಟ್ರು ಕಾಲೆಳೆದುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತರು. ಪೆಟ್ಟಿಗೆ ಕಡೆ ನೋಡಲಿಲ್ಲ, ಸೂರು ನೋಡಿಕೊಂಡು ಹೇಳಿದರು.

"ನಮ್ಮ ಮನೆ ಫ್ಯೂಸ್ ಹೋಗೈತೆ. ಹಾಕ್ಕೊಟ್ಟು ಬಾ. ನಾನು ಇಲ್ಲೇ ಕೂತಿರ್ತೀನಿ."

ನಮ್ಮ ಬಾಗಿಲಿಂದ ನೋಡಿದರೆ ಅವರ ಮನೆ ನಡುಮನೆಯಲ್ಲಿ ಬಲ್ಬು ಧಗಧಗ ಉರಿಯುತ್ತಿತ್ತು. ನಾನು ಪ್ಲೇಯರ್ ತಗೊಂಡು ತೆಪ್ಪಗೆ ಹೊರಟೆ. ಅಲ್ಲಿ ಚೆನ್ನಾಗಿದ್ದ ಫ್ಯೂಸನ್ನ ತೆಗೆದೆ, ಹಾಕಿದೆ. ಮತ್ತೆ ತೆಗೆದೆ, ಮತ್ತೆ ಹಾಕಿದೆ.

ಮೇಷ್ಟ್ರ ಮನೆಯಮ್ಮ ಅಡಿಗೆ ಮನೆಯಿಂದ ಬಂದು, "ಏನಪ್ಪಾ ಇದು, ಇರೋ ಕರೆಂಟ್ ಯಾಕೆ ತೆಗೀತಿದೀಯ? ಸಾರು ಒಲೆ ಮೇಲೈತೆ" ಅಂದರು.

ಅಷ್ಟರಲ್ಲಿ ಗೋಡೆ ಆಚೆಯಿಂದ ಸ್ವರ ಬಂತು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಪೂರ್ತಿ ಸಾಲು. ಎಲ್ಲೂ ತಡವರಿಕೆ ಇಲ್ಲ. ನಾನು ಗೋಡೆ ಕಡೆ ಕೈ ತೋರಿಸಿದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು. ಸಾರು ಉಕ್ಕಿ ಒಲೆ ಆರಿತು. ಇಬ್ಬರೂ ಅತ್ತ ಹೋಗಲಿಲ್ಲ. ನನಗಂತೂ ಸೈಕಲ್ ಹೋದದ್ದು ಅವತ್ತೇ ಮರೆತುಹೋಯಿತು.

ಅಲ್ಲಿಂದ ದಿನಾ ಸಂಜೆ ಅವರ ಮನೆ ಫ್ಯೂಸ್ ಹೋಗತೊಡಗಿತು. ಮೇಷ್ಟ್ರು ಶಿಸ್ತಿನ ಮನುಷ್ಯ, ಸುಳ್ಳನ್ನೂ ಅರ್ಧಂಬರ್ಧ ಹೇಳೋರಲ್ಲ. ಊರಿಗೆ ನಂಬಿಕೆ ಬರಲಿ ಅಂತ ನಮ್ಮ ಆಫೀಸಿಗೆ ಮುದ್ದಾದ ಅಕ್ಷರದಲ್ಲಿ ಒಂದು ಅರ್ಜಿ ಬರೆದು ಹಾಕಿದರು: "ಲೈನ್‌ಮನ್ ಪ್ರತಿದಿನ ಒಂದು ಗಂಟೆ ಕಾಲ ಪರಿಶೀಲಿಸುತ್ತಿದ್ದರೂ ಫ್ಯೂಸ್ ಹಾಕಲು ಈತನಿಗೆ ಬರುತ್ತಿಲ್ಲ."

ದೊಡ್ಡೋರ ಮಧ್ಯೆ ಬಾಯಿ

ಪೆಟ್ಟಿಗೆ ಮೇಲೆ ಸಾಲಾಗಿ ಗುಂಡಿಗಳಿದ್ದವು. ಅದರಲ್ಲಿ ಒಂದನ್ನ ಒತ್ತಿದರೆ ಪೆಟ್ಟಿಗೆ ತಾನೇ ಯಾವುದೋ ಪರದೇಶದ ಹಾಡನ್ನ ಡೋಲು ಸಮೇತ ಬಾರಿಸುತ್ತಿತ್ತು. ಒಂದು ಸಂಜೆ ಮೇಷ್ಟ್ರ ಬೆರಳು ಅದಕ್ಕೆ ತಗುಲಿತು. ನಾನು ಯಥಾಪ್ರಕಾರ ಅವರ ಮನೆ ಫ್ಯೂಸ್ ಮುಂದೆ ನಿಂತಿದ್ದೆ. ಒಂದೇ ಕೂಗು: "ಲೇ! ಕೈ ಎತ್ತಿದೀನಿ ಕಣ್ಲಾ, ಇನ್ನೂ ನುಡೀತೈತೆ!"

ಓಡಿ ಬಂದೆ. ಮೇಷ್ಟ್ರು ಬಲಗೈಯನ್ನ ಪೊಲೀಸರಿಗೆ ಸಿಕ್ಕಿದವರ ಹಾಗೆ ಮೇಲೆತ್ತಿ ಕೂತಿದ್ದಾರೆ. ಪೆಟ್ಟಿಗೆ ಡಬ್ಬುಡುಬ್ಬು ಅಂತಿದೆ. ನಮ್ಮವಳು ಸಮಾಧಾನ ಹೇಳುತ್ತಿದ್ದಾಳೆ, "ಹೆದರಬೇಡಿ ಮೇಷ್ಟ್ರೇ, ಅದು ಅದರದ್ದೇ ಹಾಡು."

"ಅದರದ್ದಾದರೆ ಅದು ಒಬ್ಬಂಟಿಯಾಗಿದ್ದಾಗ ಹಾಡ್ಕೊಳ್ಳಲಿ ಕಣಮ್ಮ. ದೊಡ್ಡೋರು ನುಡಿಸುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಹೇಳಿಕೊಟ್ಟಿಲ್ವಾ ಇದಕ್ಕೆ?"

ಹೇಳಿಕೊಟ್ಟಿರಲಿಲ್ಲ, ನಮ್ಮದೇ ತಪ್ಪು. ನಾನು ಆ ಗುಂಡಿ ಮೇಲೆ ಕಪ್ಪು ಟೇಪ್ ಸುತ್ತಿದೆ. ಮೇಷ್ಟ್ರು ಅದನ್ನ ನೋಡಿ, "ನಿನಗೂ ಒಂದು ಸುತ್ತಬೇಕಾಗಿತ್ತು, ಮೂರನೇ ಕ್ಲಾಸಲ್ಲಿ" ಅಂದರು.

ಉಸಿರು

ಇನ್ನೇನು ಭಜನೆ ಶುರು ಮಾಡಬಹುದು ಅಂತ ನಾನು ಬಾಯಿ ತೆಗೆದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು.

"ಇದರಲ್ಲಿ ಸ್ವರ ಐತೆ, ಉಸಿರಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಗೊತ್ತಾಗಲ್ಲ. ತಿದಿ ಸದ್ದು ಕಿವೀಲಿ ಇಲ್ದಿದ್ರೆ ನನ್ನ ಬೆರಳು ಓಡಲ್ಲ. ಅಟ್ಟ ಹತ್ತು. ಹಳೇದನ್ನ ಇಳಿಸು."

ಅಟ್ಟ ಹತ್ತಿದೆ. ಕಾಯಿ ರಾಶಿ ಸರಿಸಿ ಹಾರ್ಮೋನಿಯಂ ಎಳೆದರೆ, ಹತ್ತಿಪ್ಪತ್ತು ಕಾಯಿ ನನಗಿಂತ ಮುಂಚೆ ಕೆಳಗಿಳಿದವು. ಇಲಿ ತಿದಿಯ ಒಂದು ಮೂಲೆ ಕಡಿದಿತ್ತು. ಒತ್ತಿದರೆ ಒಳಗೆ ಹೋದ ಗಾಳಿಯಲ್ಲಿ ಅರ್ಧ ಸುಸ್ ಅಂತ ಆಚೆ ಬರೋದು. ಮೇಷ್ಟ್ರಿಗೆ ಆ ಸುಸ್ಸೇ ಬೇಕಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೇಷ್ಟ್ರ ಮುಂದೆ ಮಣೆ ಮೇಲೆ ಕೀಬೋರ್ಡು. ಅದರ ಬಲಕ್ಕೆ ಹಾರ್ಮೋನಿಯಂ. ಅದರ ಹಿಂದೆ ಸರ್ಕಾರಿ ನೌಕರನಾದ ನಾನು. ಆ ಪೆಟ್ಟಿಗೆ ಹಾಡೋದು, ಈ ಪೆಟ್ಟಿಗೆಗೆ ನಾನು ಗಾಳಿ ಹಾಕೋದು. ಅದಕ್ಕೂ ಬೈಗುಳ ತಪ್ಪಲಿಲ್ಲ. "ಬಾವಿ ನೀರು ಸೇದ್ತಿದೀಯೇನ್ಲಾ? ನಿಧಾನ. ಸಾಲು ಮುಗಿಯೋಕೆ ಮುಂಚೆ ತುಂಬು. ಈಗ ಬುಡು. ಬುಡು ಅಂದ್ರೆ ಬುಡು!"

ಒಂದು ದಿನ ನನಗೂ ರೇಗಿತು. "ಮೇಷ್ಟ್ರೇ, ಎಷ್ಟು ಹಾಕಿದ್ರೂ ಈ ಗಾಳಿ ಆ ಪೆಟ್ಟಿಗೆಗೆ ಹೋಗಲ್ಲವಲ್ಲ!"

"ಪೆಟ್ಟಿಗೆಗೆ ಹೋಗಲ್ಲ ಕಣ್ಲಾ. ನನಗೆ ಬತ್ತೈತೆ" ಅಂದರು.

ಆ ಮಾತಿಗೆ ನಾನು ತಲೆ ತಗ್ಗಿಸಿ ಮತ್ತೆ ಗಾಳಿ ಹಾಕಿದೆ. ನಾಲ್ಕು ತಿಂಗಳು ಹಾಕಿದೆ. ಕಡೆಕಡೆಗೆ ಅವರು ಎಲ್ಲಿ ಉಸಿರು ಎಳೀತಾರೆ, ಎಲ್ಲಿ ಬಿಡ್ತಾರೆ ಅನ್ನೋದು ನನ್ನ ತೋಳಿಗೇ ಗೊತ್ತಾಗಿಹೋಗಿತ್ತು.

ಒಂದು ಸಂಜೆ ಗೌಡ್ರು ಬಂದರು. ಬಾಗಿಲಲ್ಲಿ ನಿಂತು ನೋಡಿದರು, ನನ್ನ ಬೆವರು ನೋಡಿದರು. ಮುಖ ಸಪ್ಪಗಾಯಿತು.

"ಮೊದಲು ಕರೆಂಟು ಅಂದೆ. ಆಮೇಲೆ ಸೆಲ್ಲು ಅಂದೆ. ಈಗ ನೋಡಿದ್ರೆ ಗಾಳಿ ಹೊಡೀತಾ ಇದೀಯ. ಊರಿನೋರ ಹತ್ರ ಇಷ್ಟೊಂದು ಸುಳ್ಳು ಯಾಕಪ್ಪ?"

ಕೊನೇ ಸೋಮವಾರ

ಕಡೆಗೂ ಮೇಷ್ಟ್ರು ಒಪ್ಪಿದರು. ಕಾರ್ತಿಕದ ಕೊನೇ ಸೋಮವಾರ ಸಂಜೆ, ಗುಡಿಯಲ್ಲಿ ಭಜನೆ. ಎಂಟು ತಿಂಗಳಾದ ಮೇಲೆ ಮೊದಲನೇದು. ಒಗೆದ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಹೊರಡುವಾಗ ನನ್ನ ಹೆಗಲು ಹಿಡಿದು ಮೆಲ್ಲಗೆ ಒಂದು ಮಾತು ಹೇಳಿದರು. "ಲೇ, ಇವತ್ತೇನಾದ್ರೂ ಮಧ್ಯದಲ್ಲಿ ಕೈ ಕೊಟ್ರೆ, ನಾನು ಇನ್ನೊಂದ್ಸಲ ಕೂರಲ್ಲ. ಜನ ಅಯ್ಯೋ ಪಾಪ ಅನ್ನೋದನ್ನ ಕೇಳೋ ಶಕ್ತಿ ನನಗಿಲ್ಲ." ಮೇಷ್ಟ್ರು ಅಳುಕಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಹಿಂದಿನ ದಿನವೇ ಹೊಸ ಸೆಲ್ಲು ಹಾಕಿದ್ದೆ. ಹಾರ್ಮೋನಿಯಂ ನಾನು ಹೊತ್ತುಕೊಂಡೆ. ಕೀಬೋರ್ಡನ್ನ, "ಅದು ನನಗಿರಲಿ, ಈಶ್ವರನ ಸೇವೆ" ಅಂತ ಗೌಡ್ರು ಹೊತ್ತುಕೊಂಡರು. ಸುಳ್ಳು ಹೇಳಿದ್ದೀಯ ಅಂತ ಮುನಿಸಿಕೊಂಡವರು ಇಷ್ಟು ಕರಗಿದರಲ್ಲ ಅಂತ ನನಗೆ ಸಂತೋಷವೂ ಆಯಿತು.

ಗುಡಿ ತುಂಬಾ ಜನ. ಕಂದಿಕೆರೆಯಿಂದ ಮಾವನೂ ಬಂದು ಮುಂದಿನ ಸಾಲಲ್ಲಿ ಕೂತಿದ್ದರು. ಮೊದಲನೇ ಹಾಡು ಸರಾಗವಾಗಿ ಹೋಯಿತು. ಹಾಡೋರ ಮುಖದಲ್ಲಿ ಕಳೆ ಬಂತು. ಎರಡನೇ ಹಾಡಿನ ಅರ್ಧಕ್ಕೆ ಕೀಬೋರ್ಡಿನ ದನಿ ನೆಗಡಿ ಬಂದ ಮೇಕೆ ಥರ ಆಯಿತು. ಆಮೇಲೆ ಅದೂ ಇಲ್ಲ. ಪೆಟ್ಟಿಗೆ ಸತ್ತುಹೋಯಿತು.

ಮೇಷ್ಟ್ರು ಮೈಮರೆತಿದ್ದರು. "ಗಾಳಿ ಹಾಕ್ಲಾ! ಗಾಳಿ!" ಅಂತ ಕೂಗಿದರು.

ನಾನು ಹಾಕಿದೆ. ಎಷ್ಟು ಹಾಕಿದರೆ ತಾನೇ ಏನು? ಹಾಡೋರು ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ಮೇಷ್ಟ್ರ ಬಲಗೈ ಗಾಳಿಯಲ್ಲಿ ನಿಂತುಬಿಟ್ಟಿತು. ಹಿಂದೆ ಯಾರೋ ಹೆಂಗಸು, "ಅಯ್ಯೋ..." ಅಂದದ್ದು ಕೇಳಿಸಿತು. ಇನ್ನೊಂದು "ಪಾಪ" ಬಂದರೆ ಮುಗೀತು, ಮೇಷ್ಟ್ರು ಎದ್ದು ಹೋಗ್ತಾರೆ, ಇನ್ನು ಯಾವತ್ತೂ ಬರಲ್ಲ. ನನಗೆ ಬೇರೆ ಏನೂ ತೋಚಲಿಲ್ಲ. ಬಿಡದೆ ಗಾಳಿ ಹಾಕಿದೆ. ಗುಡಿಯೊಳಗೆ ನನ್ನ ತಿದಿಯ ಸುಸ್ ಸುಸ್ ಒಂದೇ ಸದ್ದು.

ಮೇಷ್ಟ್ರ ಕೈ ಮೆಲ್ಲಗೆ ಬಲಕ್ಕೆ ಸರಿಯಿತು. ಹಾರ್ಮೋನಿಯಂ ಮೇಲೆ ಕೂತಿತು.

ಸ್ವರ ಬಂತು ಸ್ವಾಮಿ! ಗೊಗ್ಗರು ದನಿ, ಇಲಿ ಕಡಿದ ಕಡೆಯಿಂದ ಸಣ್ಣ ಸೀಟಿ ಬೇರೆ. ಆದರೂ ಅದು ನಮ್ಮೂರ ಕಿವಿಗೆ ಗೊತ್ತಿದ್ದ ದನಿ. ನಿಂತ ಸಾಲನ್ನ ಅಲ್ಲಿಂದಲೇ ಎತ್ತಿದರು. ಎಲ್ಲಿ ತುಂಬಬೇಕೋ ಅಲ್ಲಿ ನಾನು ತುಂಬಿದೆ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟೆ. ಒಂದು ಸಲವೂ ಬೈಯಲಿಲ್ಲ. ನನ್ನ ಕಣ್ಣಲ್ಲಿ ನೀರು, ಒರೆಸಿಕೊಳ್ಳೋಕೆ ಕೈ ಖಾಲಿ ಇಲ್ಲ. ಆಮೇಲೆ ಆರು ಹಾಡು ಆದವು.

ಮಂಗಳಾರತಿ ಆದ ಮೇಲೆ ಕೀಬೋರ್ಡಿನ ಬೆನ್ನು ಬಿಚ್ಚಿದರೆ, ಆರರಲ್ಲಿ ಮೂರು ಸೆಲ್ಲು ಹಳೇವು, ತುಕ್ಕು ಹಿಡಿದವು. ಗೌಡ್ರು ಮುಂದೆ ಬಂದು ಗಂಭೀರವಾಗಿ ಹೇಳಿದರು, "ನಾನೇ ಕಣಪ್ಪ ಬದಲಾಯಿಸಿದ್ದು. ತೋಟಕ್ಕೆ ಹೋಗೋ ಟಾರ್ಚಿಗೆ ಸೆಲ್ಲಿರಲಿಲ್ಲ. ನೀನು ಹೆಂಗೂ ಗಾಳಿ ಹೊಡೀತೀಯಲ್ಲ, ಇದಕ್ಕೆ ಸೆಲ್ಲು ಯಾಕೆ ಅಂತ. ಆದ್ರೂ ನಮ್ದೂ ಇರಲಿ ಅಂತ ಬಿಸಿಲಿಗೆ ಇಟ್ಟು ಕಾಯಿಸಿದ್ದ ಹಳೇ ಮೂರು ಹಾಕಿದ್ದೆ."

ನಾನು ಬಾಯಿ ತೆಗೆಯೋಕೆ ಮುಂಚೆ ಮಾವ ಅಡ್ಡ ಬಂದರು. ಹಾರ್ಮೋನಿಯಂ ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಕಳಚಿತ್ತು, ಗಟಗಟ ಅಂದಿತು. ಮಾವನ ಮುಖ ಅರಳಿತು.

"ನಾನು ಅವತ್ತೇ ಹೇಳಿರಲಿಲ್ವಾ ಅಳಿಯಂದ್ರೇ? ಅಟ್ಟದಾಗಿದ್ದುದು ಅಚ್ಚುಕಟ್ಟಾಗಿ ಗಿಟುಕಾಗೈತೆ. ಆ ಹಸಿ ಮಾಲು ಅರ್ಧಕ್ಕೇ ಕೈ ಕೊಡ್ತು!"

ಮೇಷ್ಟ್ರು ನಕ್ಕಿದ್ದನ್ನ ಅವತ್ತು ನೋಡಿದೆ. ಮೂರನೇ ಕ್ಲಾಸಿನಿಂದ ಕಾದಿದ್ದೆ.

ಮಾರನೇ ಸಂಜೆ ನಮ್ಮವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊರ ಪಕ್ಕಕ್ಕಿಟ್ಟು ತಲೆ ಎತ್ತಿದಳು.

"ರೀ, ನೀವು ಗಾಳಿ ಹಾಕಿದ್ರಿ. ಮೇಷ್ಟ್ರು ಹಳೇ ಪೆಟ್ಟಿಗೇಲೇ ನುಡಿಸಿದ್ರು. ಮೊದಲನೇ ದಿನ ನೀವು ಹೋಗಿ ಹೇಳಿದ್ದೂ ಇದೇ ತಾನೇ?"

"ಹೂಂ ಕಣೇ."

"ಹಂಗಾದ್ರೆ ನಮ್ಮ ಸೈಕಲ್ಲು ಯಾಕೆ ಹೋಯ್ತು?"

ಅಷ್ಟರಲ್ಲಿ ಗೋಡೆಗೆ ಊರುಗೋಲಿನ ಏಟು ಬಿತ್ತು. ಕ್ಯಾಲೆಂಡರು ಮತ್ತೆ ಉದುರಿತು.

"ಲೇ! ನಮ್ಮ ಮನೆ ಫ್ಯೂಸ್ ಹೋಗೈತೆ, ಬೇಗ ಬಾರ್ಲಾ!"

ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅವರ ಮನೆಯಲ್ಲಿ ಇದ್ದಬದ್ದ ಬಲ್ಬೆಲ್ಲಾ ಉರಿಯುತ್ತಿತ್ತು. ಪ್ಲೇಯರ್ ಮನೆಯಲ್ಲೇ ಬಿಟ್ಟು, ಗಾಳಿ ಹಾಕೋಕೆ ಅಂಗಿ ತೋಳು ಮಡಚಿಕೊಂಡು ಹೊರಟೆ.